ನಾಲ್ಕು ತಂತಿಗೆ ಹದಿನಾಲ್ಕೂವರೆ ಸಾವಿರ: ಒಬ್ಬ ಜೀನ್ಸ್ ಮಷಿನ್ ಮೆಕ್ಯಾನಿಕ್ ಕಂಡ ಬೇಸ್ ಗಿಟಾರ್

"ಆರು ತಂತೀದು ಐದಾರು ಸಾವಿರಕ್ಕೇ ಸಿಗ್ತೈತಂತೆ. ನೀವು ನಾಲ್ಕು ತಂತಿಗೆ ಹದಿನಾಲ್ಕೂವರೆ ಸಾವಿರ ಕೊಟ್ಟು ಬಂದೀರಲ್ರೀ!"

ಹಾಡಿಗೆ ತಗ್ಗಿನ ಸ್ವರ ಕೊಡುವ ಬೇಸ್ ಗಿಟಾರ್ ಮನೆಗೆ ತಂದ ದಿನ ನನ್ನ ಹೆಂಡತಿ ಹೇಳಿದ್ದು ಇದು. ತಂತಿ ಎಣಿಸಿದಳು. ಚೀಲ ಎತ್ತಿ ನೋಡಿ, "ಭಾರ ಮಾತ್ರ ಐತಿ ಬಿಡ್ರಿ" ಅಂದಳು. ಭಾರ ಇರುವುದು ನಿಜ. ಯೂನಿಟ್‌ನಲ್ಲಿ ದಾರದ ಕೋನ್ ತೂಗುವ ತಕ್ಕಡಿ ಮೇಲೆ ಇಟ್ಟು ನೋಡಿದೆ. 4 ಕೆಜಿ 100 ಗ್ರಾಂ ಬಂತು.

ನಾನು ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವವನು. 18 ವರ್ಷ ಆಯ್ತು. ಸಂಜೆ ಆದ ಮೇಲೆ, ಹಬ್ಬ ಜಾತ್ರೆ ಮದುವೆ ಬಂದಾಗ, ರಸಮಂಜರಿ ತಂಡದಲ್ಲಿ ಬೇಸ್ ನುಡಿಸುತ್ತೇನೆ. ಇಷ್ಟು ದಿನ ತಂಡದ ಹಳೇ ಬೇಸ್‌ನಲ್ಲೇ ಕಾಲ ತಳ್ಳಿದ್ದೆ. ಅದರ ತಂತಿ ಒತ್ತಿ ಒತ್ತಿ ನನ್ನ ಎಡಗೈ ಬೆರಳು ಎಮ್ಮೆ ಗೊರಸಿನ ಹಾಗೆ ಆಗಿತ್ತು. ಕೊನೆಗೆ ಸಂಕ್ರಾಂತಿ ಆದಮೇಲೆ ನನ್ನದೇ ಒಂದು ತಗೊಂಡೆ. ಈಗ ಹತ್ತು ತಿಂಗಳು. ನಮ್ಮೂರಿನ ಒಂದು ಬೇಸಿಗೆ, ಒಂದು ಗಣೇಶನ ಹಬ್ಬ ಅದು ನೋಡಿದೆ. ಈಗ ಬರೆದರೆ ಪರವಾಗಿಲ್ಲ ಅನಿಸಿತು. ಡಬ್ಬಿ ಬಿಚ್ಚಿದ ಮರುದಿನವೇ ಐದು ಸ್ಟಾರ್ ಕೊಡುವವರ ಮಾತು ನನಗೆ ಎಂದೂ ಹಿಡಿಸಿಲ್ಲ.

ಕಂಪನಿ ಹೆಸರು ಹೇಳಲ್ಲ. ಬಯ್ಯೋದೂ ಇದೆ, ಹೊಗಳೋದೂ ಇದೆ. ಒಂದೇ ಪೀಸ್ ಕೈಯಲ್ಲಿಟ್ಟುಕೊಂಡು ಇಡೀ ಕಂಪನಿ ಮೇಲೆ ಮಾತಾಡೋದು ನನ್ನ ಕೆಲಸದಲ್ಲಿ ನಾನೇ ಒಪ್ಪಲ್ಲ. ಇಷ್ಟು ಗೊತ್ತಾದರೆ ಸಾಕು: ಪಿ-ಬೇಸ್ (ಪ್ರಿಸಿಷನ್ ಬೇಸ್) ಮಾದರಿ, 34 ಇಂಚು ಸ್ಕೇಲ್ (ನುಡಿಯುವ ತಂತಿಯ ಉದ್ದ), 20 ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಗೆರೆ), ಬ್ಯಾಟರಿ ಇಲ್ಲದ ಪ್ಯಾಸಿವ್, ಇಂಡೋನೇಷ್ಯಾದಲ್ಲಿ ತಯಾರಾದದ್ದು.

ಮೊದಲು ಜೀನ್ಸ್ ಮಾತು. ನಮ್ಮಲ್ಲಿ ಕಡಿಮೆ ರೇಟಿನ ಪ್ಯಾಂಟ್ ಮಾಡುವಾಗ ದುಡ್ಡು ಎಲ್ಲಿ ಉಳಿಸ್ತಾರೆ? ಜಿಪ್, ಬಟನ್, ರಿವೆಟ್‌ನಲ್ಲಿ. ಬಟ್ಟೆ ಹರಿಯೋದಕ್ಕೆ ಮೊದಲೇ ಜಿಪ್ ಕೈಕೊಡುತ್ತೆ. ಆದರೆ ಜಿಪ್ ಹೋದರೆ ಬೀದಿ ಟೈಲರ್ ಅರ್ಧ ಗಂಟೇಲಿ ಬೇರೆ ಹಾಕಿ ಕೊಡ್ತಾನೆ. ಕಟಿಂಗ್ ತಪ್ಪಿದ ಪ್ಯಾಂಟ್ ಇದೆಯಲ್ಲ, ಒಂದು ಕಾಲು ತಿರುಚಿಕೊಳ್ಳುತ್ತೆ ನೋಡಿ, ಅದನ್ನ ಯಾರೂ ಸರಿ ಮಾಡಕ್ಕಾಗಲ್ಲ. ಕಡಿಮೆ ಬೆಲೆಯ ಬೇಸ್ ಕೂಡ ಹಾಗೇ. ಶ್ರುತಿ ಮಾಡುವ ಕೀ, ತಂತಿಯ ಬುಡ ಹಿಡಿಯುವ ಬ್ರಿಡ್ಜ್, ಕೇಬಲ್ ಸಿಕ್ಕಿಸುವ ಜಾಕ್, ಸದ್ದು ಏರಿಳಿಸುವ ವಾಲ್ಯೂಮ್ ಪಾಟ್ ಎಲ್ಲ ಜಿಪ್ ಇದ್ದ ಹಾಗೆ. ಬೆರಳು ಓಡಾಡುವ ಉದ್ದ ಕತ್ತು, ಅಂದರೆ ನೆಕ್, ಅದು ಕಟಿಂಗ್. ಆದರೆ ಅಂಗಡೀಲಿ ನಮ್ಮ ಕಣ್ಣು ಮೊದಲು ಹೋಗೋದು ಹೊಳೆಯುವ ಜಿಪ್ ಕಡೆಗೇ.

ಅದರಿಂದ ಹಾರ್ಡ್‌ವೇರ್, ಅಂದರೆ ಆ ಜಿಪ್‌ನಂಥ ಬಿಡಿಭಾಗಗಳ ಬಗ್ಗೆ ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ಇದು ಕೆಟ್ಟರೆ ಇದೇ ತೂತಿಗೆ ಬೇರೆಯದು ಕೂರುತ್ತಾ? ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಹೊರತಂದಿದ್ದು 1951ರಲ್ಲಿ. ಫ್ರೆಟ್ ಇರೋದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತೆ ಅಂತಲೇ ಆ ಹೆಸರು. 34 ಇಂಚು ಸ್ಕೇಲ್ ಆಗಲೇ ಇತ್ತು. ತಂತಿಯ ಸದ್ದು ಹಿಡಿಯುವ ಪಿಕಪ್ ಎರಡು ತುಂಡಿನದಾಗಿ 1957ರಲ್ಲಿ ಬಂತು. ಇವತ್ತಿಗೂ ಅರ್ಧ ಜಗತ್ತು ಅದೇ ಅಳತೆಯಲ್ಲಿ ಕಾಪಿ ಹೊಡೆಯುತ್ತಿದೆ. ಅದು ನಮಗೆ ಲಾಭ. ಅದೇ ಅಳತೆಯ ಬ್ರಿಡ್ಜ್, ಪಿಕಪ್, ಕೀ ಸುಲಭವಾಗಿ ಸಿಗುತ್ತೆ. ಕೆಲವು ಕಂಪನಿಗಳು ಚೆಂದ ಕಾಣಲಿ ಅಂತ ತಮ್ಮದೇ ಆಕಾರದ ಬ್ರಿಡ್ಜ್, ತಮ್ಮದೇ ಸೈಜಿನ ಪಿಕಪ್ ಹಾಕ್ತಾರೆ. ಕೆಟ್ಟ ದಿನ ಗೊತ್ತಾಗುತ್ತೆ. ನಮ್ಮ ಹಳೇ ಮಷಿನ್‌ಗಳಿಗೆ ಬಿಡಿಭಾಗ ಹುಡುಕಿ ಅಲೆದ ನನಗೆ ಆ ನೋವು ಚೆನ್ನಾಗಿ ಗೊತ್ತು.

ಬಳ್ಳಾರಿಯಲ್ಲಿ ನಾನು ಸುತ್ತಿದ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲಾ, ಕೀಬೋರ್ಡ್, ಸಾದಾ ಗಿಟಾರ್ ಇತ್ತು. ಬೇಸ್ ಬೇಕಂದರೆ "ತರಿಸಿ ಕೊಡ್ತೀವಿ" ಅಂದರು. ಮುಟ್ಟಿ ನೋಡದೆ ತಗೊಳ್ಳೋದು ನನಗೆ ಆಗಲ್ಲ. ಒಂದು ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಜೊತೆಗೆ ನಮ್ಮ ಕೀಬೋರ್ಡ್ ಹುಡುಗ. ಜೇಬಲ್ಲಿ ಆರಿಂಚಿನ ಸ್ಟೀಲ್ ಸ್ಕೇಲ್, ಸಂದು ಅಳೆಯುವ ಫೀಲರ್ ಗೇಜ್, ಅಲೆನ್ ಕೀ ಸೆಟ್. ಅಂಗಡಿಯವರು ನನ್ನನ್ನ ಲಿಫ್ಟ್ ರಿಪೇರಿಗೆ ಬಂದವನು ಅಂದುಕೊಂಡರು.

ನನ್ನ ಬಜೆಟ್‌ಗೆ ಮೂರು ತೋರಿಸಿದರು. ಒಂದಕ್ಕೆ ಚಿನ್ನದ ಬಣ್ಣದ ದಪ್ಪ ಬ್ರಿಡ್ಜ್, ಮುಚ್ಚಿದ ಗೇರಿನ ಕೀಗಳು. ಹುಡುಗ ಅದನ್ನ ಬಿಡಲೇ ಇಲ್ಲ. "ಅಣ್ಣಾ, ಬ್ರಿಡ್ಜ್ ನೋಡಣ್ಣಾ, ಹೆಂಗ್ ಗಟ್ಟಿ ಐತಿ. ಇದನ್ನೇ ತಗೋ." ನಾನು ಬೇಸ್ ಎತ್ತಿ ತಲೆ ಕಡೆಯಿಂದ ಒಂದೇ ಕಣ್ಣಲ್ಲಿ ನೋಡಿದೆ. ಬಡಗಿ ಹಲಗೆ ನೋಡ್ತಾನಲ್ಲ, ಹಾಗೆ. ಮೊದಲ ಫ್ರೆಟ್ಟಿನ ಗೆರೆ, ಕೊನೇ ಫ್ರೆಟ್ಟಿನ ಗೆರೆ ಒಂದಕ್ಕೊಂದು ಸಮ ಇರಬೇಕು. ಇಲ್ಲಿ ಒಂದು ಕಡೆ ಎದ್ದಿತ್ತು. ನೆಕ್ ತಿರುಚಿದೆ. ಬಗ್ಗಿದ ನೆಕ್ ಅನ್ನು ಒಳಗಿನ ಟ್ರಸ್ ರಾಡ್ ತಿರುಗಿಸಿ ನೇರ ಮಾಡಬಹುದು. ತಿರುಚಿದ್ದಕ್ಕೆ ಸಾಮಾನ್ಯ ಟ್ರಸ್ ರಾಡ್‌ನಲ್ಲಿ ಮದ್ದಿಲ್ಲ. ಚಿನ್ನದ ಬ್ರಿಡ್ಜ್ ವಾಪಸ್ ಗೋಡೆಗೆ ಹೋಯಿತು.

ಇನ್ನೊಂದು ಜಾಝ್ ಬೇಸ್ (ಫೆಂಡರ್‌ನ ಇನ್ನೊಂದು ವಿನ್ಯಾಸ) ಮಾದರಿ. ನೆಕ್ ಸಣ್ಣ, ನಟ್ (ತಲೆಯ ಬಳಿ ತಂತಿ ಹಾಯುವ ಗೀರಿನ ತುಂಡು) ಹತ್ತಿರ ಅಗಲ 38 ಮಿ.ಮೀ. ಕೈಗೆ ಹಿತವಾಗಿತ್ತು. ಆದರೆ ನೆಕ್ ಕೂರುವ ಗುಳಿಯ ಪಕ್ಕದಲ್ಲಿ ನನ್ನ ಬಸ್ ಟಿಕೆಟ್ ಮಡಿಚಿ ತೂರಿಸುವಷ್ಟು ಸಂದು. ಅದೇನೂ ದೊಡ್ಡ ತಪ್ಪಲ್ಲ, ನಾಲ್ಕು ಬೋಲ್ಟ್ ಬಿಗಿ ಇದ್ದರೆ ನಡೆಯುತ್ತೆ. ನನ್ನ ಮನಸ್ಸು ಮಾತ್ರ ಒಪ್ಪಲಿಲ್ಲ.

ಮೂರನೆಯದೇ ನಾನು ತಂದದ್ದು. ಇದನ್ನ ಒಂದೂವರೆ ಗಂಟೆ ಕೂತು ನೋಡಿದೆ. ತಂತಿಗಳ ಹೆಸರು ಇ, ಎ, ಡಿ, ಜಿ; ಇ ಎಲ್ಲಕ್ಕಿಂತ ದಪ್ಪ. ಇ ತಂತಿಯ ಮೊದಲ ಫ್ರೆಟ್ ಒತ್ತಿ, ಬಾಡಿಗೆ ಸೇರುವ ಕಡೆ ಇನ್ನೊಂದು ಕೈಯಿಂದ ಒತ್ತಿ, ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿ ಕೆಳಗೆ ಫೀಲರ್ ಗೇಜ್ ಹಾಕಿದೆ. 0.3 ಮಿ.ಮೀ ಸುತ್ತಮುತ್ತ ಇದ್ದರೆ ಸಾಕು. ಇಲ್ಲಿ 0.5 ಇತ್ತು. "ಟ್ರಸ್ ರಾಡ್ ಕಾಲು ಸುತ್ತು ಬಿಗಿ ಮಾಡಿ ತೋರಿಸಿ" ಅಂದೆ. ಅಂಗಡಿ ಹುಡುಗ ಮಾಡಿದ. ಸಂದು ಕಡಿಮೆ ಆಯ್ತು. ಅಂದರೆ ರಾಡ್ ಕೆಲಸ ಮಾಡ್ತಿದೆ. ನನಗೆ ಬೇಕಾದ್ದು ಅದೇ. ಆಮೇಲೆ ನಾಲ್ಕು ತಂತಿ, ಇಪ್ಪತ್ತು ಫ್ರೆಟ್, ಒಟ್ಟು 80 ಸ್ವರ, ಒಂದೊಂದಾಗಿ ನುಡಿಸಿದೆ. ಜಿ ತಂತಿಯ ಆರನೇ ಫ್ರೆಟ್ಟಲ್ಲಿ ಸ್ವರ ಬೇಗ ಸಾಯುತ್ತಿತ್ತು. ಈ ಮಾದರಿಯ ನೆಕ್‌ಗಳಲ್ಲಿ ಐದರಿಂದ ಏಳರವರೆಗೆ ಎಲ್ಲೋ ಒಂದು ಕಡೆ ಹೀಗೆ ಆಗೋದು ಸಾಮಾನ್ಯ. ಲಕ್ಷ ರೂಪಾಯಿಯ ಬೇಸ್‌ನಲ್ಲೂ ಇರುತ್ತೆ. ಬಿಟ್ಟೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ ಎತ್ತರ ಇ ಕಡೆ 3 ಮಿ.ಮೀ ಇತ್ತು. ಮನೆಗೆ ತಂದು ಎರಡೂವರೆಗೆ ಇಳಿಸಿದೆ, ಜಿ ಕಡೆ ಎರಡಕ್ಕೆ.

ಬೆರಳು ಒತ್ತುವ ಪಟ್ಟಿಯ ಮರ ಯಾವುದು ಅಂತ ಕೇಳಿದೆ. "ಇಂಡಿಯನ್ ಲಾರೆಲ್ ಸರ್" ಅಂದ. ಏನೋ ವಿದೇಶಿ ಮರ ಅನ್ನೋ ಹಾಗೆ. ಆಮೇಲೆ ಗೊತ್ತಾಯ್ತು, ಅದು ನಮ್ಮ ಮತ್ತಿ ಮರ! ಮಲೆನಾಡ ಕಡೆ ಮನೆ ತೊಲೆಗೆ ಹಾಕ್ತಾರಲ್ಲ, ಅದೇ. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಾಗದಪತ್ರದ ಕಟ್ಟು ಬಿಗಿಯಾಯಿತು. ಆಗ ಬೀಟೆ ಬದಲು ಮತ್ತಿ ಹಾಕುವುದು ಹೆಚ್ಚಾಯಿತು. 2019ರಲ್ಲಿ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೂ ಕಡಿಮೆ ಬೆಲೆಯ ಬೇಸ್‌ಗಳಲ್ಲಿ ಮತ್ತಿ ಉಳಿದುಕೊಂಡಿದೆ. ಬಣ್ಣ ಸ್ವಲ್ಪ ಮಾಸಲು. ಬೆರಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಇನ್ನು ಬಳ್ಳಾರಿ ಬೇಸಿಗೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿತು. ಒಣ ಗಾಳಿಗೆ ಮರ ಕುಗ್ಗುತ್ತೆ, ಫ್ರೆಟ್ಟಿನ ತಂತಿ ಕುಗ್ಗಲ್ಲ. ನೆಕ್ ಅಂಚಿನಲ್ಲಿ ಫ್ರೆಟ್ ತುದಿಗಳು ಗರಗಸದ ಹಲ್ಲಿನ ಹಾಗೆ ಹೊರಗೆ ಬಂದವು. ಸಣ್ಣ ಅರ ತಗೊಂಡು, ಮರಕ್ಕೆ ಟೇಪ್ ಅಂಟಿಸಿ, ಒಂದು ಭಾನುವಾರ ಪೂರ್ತಿ ಉಜ್ಜಿದೆ. ನೆಕ್ ಕೂಡ ಹಿಂದಕ್ಕೆ ಎಳೆದುಕೊಂಡು ತಂತಿ ಜರ್ ಜರ್ ಅನ್ನತೊಡಗಿತು. ರಾಡ್ ಕಾಲು ಸುತ್ತು ಸಡಿಲ ಮಾಡಿದೆ. ಮಳೆಗಾಲ ಬಂದಾಗ ಮತ್ತೆ ಬಿಗಿ ಮಾಡಿದೆ. ಇದನ್ನ ದೋಷ ಅಂತ ನಾನು ಬರೆದುಕೊಳ್ಳಲ್ಲ. ಫ್ರೆಟ್ ತುದಿ ಮಾತ್ರ ಫ್ಯಾಕ್ಟರಿಯಲ್ಲಿ ಇನ್ನೂ ನುಣ್ಣಗೆ ಮಾಡಬಹುದಿತ್ತು. ಅದಕ್ಕೆ ಮಾರ್ಕ್ ಕಟ್.

ಈಗ ಹಾರ್ಡ್‌ವೇರ್. ಬ್ರಿಡ್ಜ್‌ನಿಂದ ಶುರು ಮಾಡ್ತೀನಿ, ಯಾಕಂದ್ರೆ ಜನ ಸುಮ್ನೆ ಬಯ್ಯೋದು ಇದನ್ನೇ. ಇದು ಬಗ್ಗಿಸಿದ ಸ್ಟೀಲ್ ತಗಡು, ಮೇಲೆ ತಂತಿ ಕೂರುವ ನಾಲ್ಕು ಸ್ಯಾಡಲ್. ನೋಡಿದರೆ ಬಾಗಿಲ ಕೀಲಿನಷ್ಟೇ ಬೆಲೆ ಅನಿಸುತ್ತೆ. ಆದರೆ ಮೊದಲಿನಿಂದ ಫೆಂಡರ್ ಹಾಕಿಕೊಂಡು ಬಂದದ್ದೂ ಬಗ್ಗಿಸಿದ ತಗಡೇ. ಅದರಲ್ಲಿ ಎಷ್ಟು ಹಾಡು ರೆಕಾರ್ಡ್ ಆಗಿವೆಯೋ! ದಪ್ಪ ಬ್ರಿಡ್ಜ್ ಅಂದ ತಕ್ಷಣ ಒಳ್ಳೇದಲ್ಲ. ಎಷ್ಟೋ ದಪ್ಪ ಬ್ರಿಡ್ಜ್ ಎರಕ ಹೊಯ್ದ ಜಿಂಕ್, ಎಳೆ ಬೇಗ ಸವೆಯುತ್ತೆ. ನಾನು ನೋಡಿದ್ದು ಮೂರೇ. ಸ್ಯಾಡಲ್ ಬೆರಳಲ್ಲಿ ಅಲ್ಲಾಡಿಸಿದರೆ ಪಕ್ಕಕ್ಕೆ ಜಾರುತ್ತಾ, ಸ್ಕ್ರೂ ಎಳೆ ಹಿಡಿತದಲ್ಲಿದೆಯಾ, ಹಿಂದಿನ ಉದ್ದ ಸ್ಕ್ರೂ ತಿರುಗಿಸಿದರೆ ಸ್ಯಾಡಲ್ ನೇರ ಹೋಗುತ್ತಾ. ಮೂರೂ ಪಾಸ್. ಫೇಲ್ ಆದದ್ದು ಎತ್ತರ ಹೊಂದಿಸುವ ಪುಟಾಣಿ ಗ್ರಬ್ ಸ್ಕ್ರೂಗಳು. ಮೇ ತಿಂಗಳ ಬೆವರಿಗೆ ಎಂಟರಲ್ಲಿ ಐದು ತುಕ್ಕು ಹಿಡಿದವು. ಒಂದರ ತಲೆ ಅಲೆನ್ ಕೀ ಹಾಕಿದ್ದೇ ದುಂಡಗಾಯಿತು. ಮೆದು ಲೋಹ. ಅಳೆದು ನೋಡಿದರೆ ಎಂ3, ಅಂದರೆ 3 ಮಿ.ಮೀ ಸೈಜು. ನಮ್ಮೂರ ಹಾರ್ಡ್‌ವೇರ್ ಅಂಗಡೀಲಿ ಎಂಟು ಸ್ಟೇನ್‌ಲೆಸ್ ಸ್ಕ್ರೂ 60 ರೂಪಾಯಿಗೆ ಸಿಕ್ಕವು. ಹಾಕೋಕೆ ಮುಂಚೆ ಎಳೆಗೆ ಒಂದೊಂದು ಹನಿ ಹೊಲಿಗೆ ಮಷಿನ್ ಎಣ್ಣೆ. ಅದು ನನ್ನ ಹತ್ತಿರ ಯಾವತ್ತೂ ಇರುತ್ತೆ.

ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿ ನನ್ನ ಮಾನ ಕಳೆಯಿತು. ಗಣೇಶನ ಹಬ್ಬದ ಐದನೇ ದಿನ, ಕುರುಗೋಡು ಕಡೆ ಕಾರ್ಯಕ್ರಮ. ಮೂರನೇ ಹಾಡಿಗೆ ಮೇಲಿನ ಗುಂಡಿ ಸ್ಕ್ರೂ ಸಮೇತ ಕಿತ್ತು ಬಂತು. ಬೇಸ್ ತಲೆ ಕೆಳಗಾಗಿ ನನ್ನ ಮೊಣಕಾಲಿಗೆ ಬಿತ್ತು. ಮುಂದಿನ ಸಾಲಿನ ಮಕ್ಕಳು ಅದೂ ಒಂದು ಡಾನ್ಸ್ ಸ್ಟೆಪ್ ಅಂದುಕೊಂಡು ಚಪ್ಪಾಳೆ ಹೊಡೆದವು. ಉಳಿದ ಹಾಡೆಲ್ಲ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ನುಡಿಸಿದೆ. ಸ್ಕ್ರೂ ತೆಗೆದು ನೋಡಿದರೆ ಮುಕ್ಕಾಲು ಇಂಚೂ ಇಲ್ಲ. ಬಾಡಿ ಪಾಪ್ಲರ್ ಮರ, ಮೆದು. 4 ಕೆಜಿ ಭಾರವನ್ನ ಮೆದು ಮರದಲ್ಲಿ ಅಷ್ಟು ಗಿಡ್ಡ ಸ್ಕ್ರೂ ಎಷ್ಟು ದಿನ ಹಿಡಿದೀತು? ತೂತಿಗೆ ಎರಡು ಬೆಂಕಿಕಡ್ಡಿ ಸೀಳಿ ಫೆವಿಕಾಲ್ ಹಚ್ಚಿ ತುಂಬಿದೆ. ಒಂದು ರಾತ್ರಿ ಒಣಗಲು ಬಿಟ್ಟು, ಒಂದೂಕಾಲು ಇಂಚಿನ ಸ್ಕ್ರೂ ಹಾಕಿದೆ. ಕೆಳಗಿನ ಗುಂಡಿಗೂ ಅದೇ. ಈಗ ಬೇಸ್ ಹಿಡಿದು ನನ್ನನ್ನೇ ನೇತುಹಾಕಬಹುದು. ಹೊಸ ಬೇಸ್ ತಂದವರು ಮೊದಲ ದಿನವೇ ಆ ಎರಡು ಸ್ಕ್ರೂ ಬಿಚ್ಚಿ ಉದ್ದ ನೋಡಿ. ಐದು ನಿಮಿಷದ ಕೆಲಸ.

ಜಾಕ್ ಕೂಡ ಕಾಟ ಕೊಟ್ಟಿತು. ಕೇಬಲ್ ಹಾಕಿ ತೆಗೆದು ಮಾಡುವಾಗ ಹೊರಗಿನ ನಟ್ ಸಡಿಲ ಆಗುತ್ತೆ. ಇಡೀ ಜಾಕ್ ತಿರುಗುತ್ತೆ. ಒಳಗೆ ವೈರ್ ತಿರುಚಿಕೊಂಡು ಬೆಸುಗೆ ಬಿಡುತ್ತೆ. ಆಮೇಲೆ ಕರ್ ಕರ್ ಸದ್ದು. ಜನ ಬರೀ ನಟ್ ತಿರುಗಿಸಿ ಬಿಗಿ ಮಾಡ್ತಾರೆ. ಆಗ ಒಳಗಿನದೂ ಜೊತೆಗೇ ತಿರುಗಿ ಇನ್ನಷ್ಟು ಕೆಡುತ್ತೆ. ಒಳಗಿನದನ್ನ ಹಿಡಿದುಕೊಂಡು ನಟ್ ಬಿಗಿ ಮಾಡಬೇಕು, ಹಲ್ಲಿರುವ ವಾಷರ್ ಇರಬೇಕು. ನನ್ನದರಲ್ಲಿ ಆ ವಾಷರ್ ಹಾಕೇ ಇರಲಿಲ್ಲ. ಜಾಕ್‌ನ ನಾಲಿಗೆ ತಗಡೂ ಸೊರಗಿತ್ತು. 280 ರೂಪಾಯಿ ಕೊಟ್ಟು ಗಟ್ಟಿ ಜಾಕ್ ತರಿಸಿ ಬೆಸುಗೆ ಹಾಕಿದೆ.

ವಾಲ್ಯೂಮ್, ಟೋನ್ ಪಾಟ್ ಎರಡೂ ಸಣ್ಣ ಸೈಜು, 16 ಮಿ.ಮೀನವು. ದೊಡ್ಡವು 24 ಮಿ.ಮೀ ಇರುತ್ತವೆ. ಸಣ್ಣದು ಅಂದರೆ ಕಳಪೆ ಅಂತ ಏನಿಲ್ಲ, ಇವು ಇನ್ನೂ ಸದ್ದಿಲ್ಲದೆ ತಿರುಗುತ್ತಿವೆ. ಅದಿರಿನ ಕೆಂಪು ಧೂಳು ಪಿಕಪ್ ಮ್ಯಾಗ್ನೆಟ್‌ಗೆ ಅಂಟುತ್ತೆ ಅಂತ ಕೀಬೋರ್ಡ್ ಹುಡುಗ ಹೆದರಿಸಿದ್ದ. ಸಂಡೂರು ಕಡೆಯದು ಹೆಮಟೈಟ್, ಮ್ಯಾಗ್ನೆಟ್ ಅದನ್ನ ಅಷ್ಟಾಗಿ ಸೆಳೆಯಲ್ಲ.

ಸದ್ದಿನ ವಿಷಯದಲ್ಲಿ ಪಿ-ಬೇಸ್ ಆರಿಸಿದ್ದಕ್ಕೆ ಖುಷಿ ಇದೆ. ಅದರ ಪಿಕಪ್ ಎರಡು ತುಂಡಾಗಿದೆಯಲ್ಲ, ಒಂದರಲ್ಲಿ ಬಂದ ಕರೆಂಟಿನ ಗುಂಯ್ ಇನ್ನೊಂದರಲ್ಲಿ ಉಲ್ಟಾ ಬಂದು ವಜಾ ಆಗುತ್ತೆ. ಜಾಝ್ ಮಾದರಿಯಲ್ಲಿ ಎರಡೂ ವಾಲ್ಯೂಮ್ ಸಮ ಇದ್ದರೆ ಮಾತ್ರ ಹಾಗೆ. ನಮ್ಮ ಪೆಂಡಾಲ್‌ಗಳ ವೈರಿಂಗ್ ನೋಡಿದವರಿಗೆ ಇದರ ಬೆಲೆ ಗೊತ್ತು. ನಮ್ಮ ಕರೆಂಟ್ 50 ಹರ್ಟ್ಜ್. ಇ ತಂತಿಯ ಮೂರನೇ ಫ್ರೆಟ್ ಜಿ ಸ್ವರ 49 ಹರ್ಟ್ಜ್. ಅಂದರೆ ಗುಂಯ್ ಸದ್ದು ಸ್ವಲ್ಪ ಶ್ರುತಿ ತಪ್ಪಿದ ಜಿ ಇದ್ದ ಹಾಗೆ, ಹಾಡಿನುದ್ದಕ್ಕೂ ಬೆನ್ನು ಹತ್ತಿರುತ್ತೆ. ಆದರೂ ನನ್ನದರಲ್ಲಿ ತಂತಿಯಿಂದ ಕೈ ತೆಗೆದರೆ ಸಣ್ಣ ಸದ್ದು ಇತ್ತು. ಒಳಗೆ ಬರೀ ಕಪ್ಪು ಬಣ್ಣ ಬಳಿದಿದ್ದರು. 350 ರೂಪಾಯಿಯ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್‌ಗೆ ಸೇರಿಸಿದೆ. ಬಹಳ ಮಟ್ಟಿಗೆ ಇಳಿಯಿತು.

ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್ ಬೇಕಾ ಅಂತ ಕೇಳುವವರಿಗೆ ಒಂದು ಮಾತು. ಸಾಮಾನ್ಯವಾಗಿ ಕೇಬಲ್ ಸಿಕ್ಕಿಸಿದರೆ ಸಾಕು, ಒಳಗಿನ 9 ವೋಲ್ಟ್ ಬ್ಯಾಟರಿ ಖರ್ಚಾಗ್ತಾನೇ ಇರುತ್ತೆ. ನುಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನಮ್ಮಲ್ಲಿ ಸೌಂಡ್ ಚೆಕ್ ಮಾಡಿ ಸಿಕ್ಕಿಸಿಯೇ ಒಗ್ಗರಣಿ-ಮಿರ್ಚಿಗೆ ಹೋಗೋ ಜನ ಜಾಸ್ತಿ. ಹೊಸದಾಗಿ ಕಲಿಯುವವರು ಇದೇ ವರ್ಗದಲ್ಲಿ ಯಮಾಹಾ ಟಿಆರ್‌ಬಿಎಕ್ಸ್174 ಕೂಡ ಕೈಯಲ್ಲಿ ಹಿಡಿದು ನೋಡಿ. 34 ಇಂಚು, 24 ಫ್ರೆಟ್, ಪಿ (ಪ್ರಿಸಿಷನ್) ಮತ್ತು ಜೆ (ಜಾಝ್) ಎರಡೂ ಬಗೆಯ ಪಿಕಪ್, ಬ್ಯಾಟರಿ ಇಲ್ಲ. ಐಬನೀಜ್ ಜಿಎಸ್‌ಆರ್200ರಲ್ಲೂ ಪಿ-ಜೆ ಜೋಡಿ ಇದೆ, ಆದರೆ ತಗ್ಗಿನ ಸದ್ದು ಹೆಚ್ಚಿಸುವ ಗುಂಡಿಗೆ ಬ್ಯಾಟರಿ ಬೇಕು.

ತಂತಿ ಮಾತ್ರ ತಕ್ಷಣ ಬದಲಿಸಿ. ಜೊತೆಗೆ ಬಂದವು ಒಂದು ತಿಂಗಳಿಗೇ ಮಂಕಾದವು. ಡಿ'ಅಡಾರಿಯೋ ಇಎಕ್ಸ್‌ಎಲ್170, ಅಂದರೆ 0.045ರಿಂದ 0.100 ಇಂಚು ದಪ್ಪದ ತಂತಿಗಳ ಸೆಟ್, 2,100 ಕೊಟ್ಟು ಹಾಕಿದೆ. ಬೇಸ್ ಬೆಲೆಯ ಏಳನೇ ಒಂದು ಭಾಗ ತಂತಿಗೇ ಹೋಯಿತು ಅಂತ ಮನೇಲಿ ಹೇಳಿಲ್ಲ. ಸದ್ದಿನಲ್ಲಿ ಆದ ಬದಲಾವಣೆಗೆ ಆ ದುಡ್ಡು ಜಾಸ್ತಿ ಅಲ್ಲ. ಒಟ್ಟು ಲೆಕ್ಕ ಇಲ್ಲಿಯವರೆಗೆ 17,290.

ಉಳಿದದ್ದು ಕೀಗಳು. ವೀಣೆಯವರು ಬಿರಡೆ ಅಂತಾರೆ, ನಾವು ಕೀ. ನನ್ನವು ಗೇರ್ ಹೊರಗೆ ಕಾಣುವವು. ತೆರೆದ ಗೇರ್ ಅಂತ ಹಗುರ ಮಾಡಬೇಡಿ, ಒರೆಸಿ ಎಣ್ಣೆ ಬಿಡೋದು ಸುಲಭ. ನಾನು ನೋಡೋದು ಪ್ಲೇ. ಕೀ ಒಂದು ಕಡೆ ತಿರುಗಿಸಿ, ಉಲ್ಟಾ ತಿರುಗಿಸಿ. ತಂತಿ ಕಂಬ ತಿರುಗುವ ಮುಂಚೆ ಕೀ ಎಷ್ಟು ಖಾಲಿ ಓಡುತ್ತೆ? ಮೂರು ಕೀಗಳಲ್ಲಿ ಕೂದಲೆಳೆಯಷ್ಟು. ಎ ತಂತಿಯದರಲ್ಲಿ ಸುಮಾರು ಕಾಲು ಸುತ್ತು. ಅಂಗಡೀಲೇ ಗೊತ್ತಾಗಿತ್ತು, ಅದನ್ನೇ ಹಿಡಿದು 500 ರೂಪಾಯಿ ಇಳಿಸಿಕೊಂಡೆ. ಶ್ರುತಿ ಜಾರಿದರೆ ಎಲ್ಲ ತಪ್ಪೂ ಕೀ ಮೇಲೆ ಹಾಕಬೇಡಿ. ಏರಿಸುವಾಗ ಟಿಂಗ್ ಅಂತ ಸದ್ದು ಬಂದರೆ ತಂತಿ ನಟ್ಟಿನ ಗೀರಲ್ಲಿ ಸಿಕ್ಕಿಕೊಳ್ತಿದೆ ಅಂತ ಅರ್ಥ. ಗೀರಿಗೆ ಪೆನ್ಸಿಲ್ ಉಜ್ಜಿ, ಸರಿಹೋಗುತ್ತೆ. ನನ್ನ ಡಿ ತಂತಿದು ಹಾಗೇ ಸರಿಯಾಯಿತು.

ಎ ಕೀ ಮಾತ್ರ ಬದಲಿಸಲೇಬೇಕು. ವರ್ನಿಯರ್ ಇಟ್ಟು ತೂತು ಅಳೆದಿದ್ದೇನೆ, 17.5 ಮಿ.ಮೀ, ಹಳೇ ಫೆಂಡರ್ ಅಳತೆ. ಸೆಟ್ಟಿಗೆ 2,400 ಹೇಳಿದ್ದಾರೆ. ಮದುವೆ ಸೀಸನ್ ತಲೆ ಮೇಲೆ ಬಂದಿದೆ, ಆರು ಕಾರ್ಯಕ್ರಮ ಒಪ್ಪಿಕೊಂಡಾಗಿದೆ. ಅಲ್ಲಿಯವರೆಗೆ ಹಳೇ ಉಪಾಯವೇ: ಸ್ವರಕ್ಕಿಂತ ಕೆಳಗೆ ಇಳಿಸಿ, ಕೆಳಗಿನಿಂದ ಮೇಲೇರಿಸಿ ನಿಲ್ಲಿಸೋದು. ಆ ಖಾಲಿ ಕಾಲು ಸುತ್ತು ಈಗ ನನ್ನ ಹೆಬ್ಬೆರಳಿಗೆ ರೂಢಿಯಾಗಿಬಿಟ್ಟಿದೆ. ಮೊನ್ನೆ ಹುಡುಗನ ಹೊಸ ಗಿಟಾರ್ ಶ್ರುತಿ ಮಾಡುವಾಗಲೂ ಅಷ್ಟೇ ತಿರುಗಿಸಿ, ತಂತಿ ಕಿತ್ತು ಕೈಗೆ ಕೊಟ್ಟೆ.